ಓದುಗರ ಪ್ರಶ್ನೆ: ನಾಲ್ಕು ದಿನ ಇರುವ ಹಟ ಐದನೇ ದಿನ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಮನೆಯಲ್ಲಿ ಕಷ್ಟವಿದೆ. ಹಗಲು ಕೆಲಸ, ರಾತ್ರಿ ಪರೀಕ್ಷೆಗೆ ಓದು. ನಾಲ್ಕು ದಿನ ಟೈಮ್‌ಟೇಬಲ್ ಪ್ರಕಾರ ನಡೆಯುತ್ತದೆ. ಐದನೇ ದಿನ ಮೊಬೈಲ್ ಹಿಡಿದು ಕೂತರೆ ರಾತ್ರಿ ಹನ್ನೆರಡು. ಆಮೇಲೆ ವಾರವಿಡೀ ಪುಸ್ತಕ ಮುಟ್ಟುವುದಿಲ್ಲ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮಲ್ಲಿ ಹಟ ಇದೆ. ಇಲ್ಲದಿದ್ದರೆ ದುಡಿದು ಸುಸ್ತಾಗಿ ಬಂದು ನಾಲ್ಕು ರಾತ್ರಿ ಓದುತ್ತಲೇ ಇರಲಿಲ್ಲ. ಆದರೆ ಆ ಹಟಕ್ಕೆ ದಿನಾ ಮೊಬೈಲ್ ಜೊತೆ ಕುಸ್ತಿ ಆಡುವ ಕೆಲಸ ಹಚ್ಚಿದ್ದೀರಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನೋವಿಜ್ಞಾನಿ 1960ರ ದಶಕದ ಕೊನೆಯಲ್ಲಿ ಶುರುಮಾಡಿದ ಪ್ರಯೋಗ ನೀವು ಕೇಳಿರಬಹುದು. ಈಗಲೇ ತಿಂದರೆ ಒಂದು ಸಿಹಿ, ತಡೆದರೆ ಎರಡು. ತಡೆದ ಮಕ್ಕಳು ಹಲ್ಲು ಕಚ್ಚಿ ತಟ್ಟೆಯನ್ನೇ ದಿಟ್ಟಿಸುತ್ತಾ ಕೂತವರಲ್ಲ. ಕಣ್ಣು ಮುಚ್ಚಿಕೊಂಡರು, ಗೋಡೆಗೆ ಮುಖ ತಿರುಗಿಸಿದರು, ತಮ್ಮಷ್ಟಕ್ಕೆ ಹಾಡು ಗುನುಗಿದರು. ಸಿಹಿಯನ್ನು ಮುಚ್ಚಿಟ್ಟಾಗಲಂತೂ ಇನ್ನೂ ಹೆಚ್ಚು ಹೊತ್ತು ಕಾದರು. ನೀವೂ ಅಷ್ಟೇ ಮಾಡಿ: ಓದಲು ಕೂರುವ ಮೊದಲು ಮೊಬೈಲನ್ನು ಮನೆಯವರ ಕೈಗೆ ಕೊಡಿ, ಇಲ್ಲವೇ ಬೇರೆ ಕೋಣೆಯಲ್ಲಿ ಚಾರ್ಜ್‌ಗೆ ಹಾಕಿ. ಪಕ್ಕದಲ್ಲೇ ಇಟ್ಟುಕೊಂಡು ಮುಟ್ಟದಿರುವುದು ದೊಡ್ಡಸ್ತಿಕೆಯೇನಲ್ಲ.

ಇದೇ ಪ್ರಯೋಗ ತೋರಿಸಿ ‘ತಡೆದ ಮಕ್ಕಳೇ ಮುಂದೆ ಗೆದ್ದರು’ ಎಂದು ಭಾಷಣ ಬಿಗಿಯುವವರಿದ್ದಾರೆ. 2018ರಲ್ಲಿ ಸುಮಾರು 900 ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದಾಗ ಆ ನಂಟು ಮೊದಲು ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಮನೆಯ ಪರಿಸ್ಥಿತಿ, ಮಗುವಿನ ಕಲಿಕೆಯ ಮಟ್ಟ ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಬಹುಪಾಲು ಕರಗಿಹೋಯಿತು. ಹಾಗಾಗಿ ಯಾವ ಜವಾಬ್ದಾರಿಯೂ ಇಲ್ಲದೆ ಓದುವ ಗೆಳೆಯನ ಟೈಮ್‌ಟೇಬಲ್ ತಂದು ನಿಮ್ಮ ಗೋಡೆಗೆ ಅಂಟಿಸಬೇಡಿ. ಮೂರು ಗಂಟೆ ಎಂದು ಬರೆದು ಮುರಿಯುವ ಬದಲು ನಲವತ್ತು ನಿಮಿಷ ಎಂದು ಬರೆಯಿರಿ. ಅದನ್ನೂ ‘ದಿನಾ ಓದುತ್ತೇನೆ’ ಎಂದಲ್ಲ, ‘ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಗಣಿತದ ಪುಸ್ತಕ ತೆಗೆಯುತ್ತೇನೆ’ ಎಂದು. ‘ಇದು ಆದಾಗ ಅದು ಮಾಡುತ್ತೇನೆ’ ಎಂಬ ಈ ಕ್ರಮವನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗಾಲ್‌ವಿಟ್ಜರ್ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಓದಬೇಕೋ ಬೇಡವೋ ಎಂಬ ಚರ್ಚೆಗೆ ಆ ಹೊತ್ತಿನಲ್ಲಿ ಜಾಗವೇ ಉಳಿಯುವುದಿಲ್ಲ.

ಇನ್ನು ಐದನೇ ದಿನದ ಮಾತು. ನಿಮ್ಮ ನಿಜವಾದ ನಷ್ಟ ಆ ಒಂದು ರಾತ್ರಿಯದ್ದಲ್ಲ, ಅದರ ಹಿಂದೆ ಬಂದ ವಾರದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನ ಹೊಸ ಅಭ್ಯಾಸ ಬೆಳೆಸಿಕೊಳ್ಳುವುದನ್ನು ಗಮನಿಸಿದರು. ಅಭ್ಯಾಸ ಕೂರಲು ಸುಮಾರು 66 ದಿನ ಬೇಕಾಯಿತು. ಜನರಿಂದ ಜನರಿಗೆ ಆ ಲೆಕ್ಕ 18 ದಿನದಿಂದ 254 ದಿನದವರೆಗೂ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ಹೊಸ ವರ್ಷ, ಒಳ್ಳೆಯ ಸೋಮವಾರ ಎಂದು ಕಾಯದೆ ಆರನೇ ರಾತ್ರಿಯೇ ಪುಸ್ತಕ ತೆಗೆಯಿರಿ. ತಪ್ಪಿದ್ದನ್ನು ಸರಿದೂಗಿಸಲು ಡಬಲ್ ಓದುವುದೂ ಬೇಡ.

ಒಂದು ವಿಷಯ ಮಾತ್ರ ಬೇರೆ. ಎರಡು ವಾರದಿಂದ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದಕ್ಕೆ ಶಿಸ್ತು ಮದ್ದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.