ಕಕ್ಕುವುದು ವಾಂತಿಯಲ್ಲ

‘ನಾಯಿ ತಿಂದದ್ದನ್ನೆಲ್ಲ ವಾಂತಿ ಮಾಡ್ತಿದೆ, ಯಾವ ಮಾತ್ರೆ ಕೊಡಲಿ?’ ಎಂದು ಕೇಳಿದವರಿಗೆ ಹತ್ತು ಜನ ಹತ್ತು ಮಾತ್ರೆ ಹೇಳುತ್ತಾರೆ. ಅವರು ಜೊತೆಗೆ ಹಾಕಿದ ವೀಡಿಯೊದಲ್ಲಿ ನಾಯಿ ತಲೆ ತಗ್ಗಿಸುತ್ತದೆ, ಅನ್ನ ಜಾರಿ ಬೀಳುತ್ತದೆ, ಅಷ್ಟೇ. ಇದು ವಾಂತಿಯಲ್ಲ, ರಿಗರ್ಜಿಟೇಶನ್: ನಾಯಿ ತಿಂದದ್ದು ಜಠರ ಮುಟ್ಟದೆ ಅನ್ನನಾಳದಿಂದಲೇ ಸಲೀಸಾಗಿ ವಾಪಸಾಗುವುದು. ಕನ್ನಡದಲ್ಲಿ ಪದವಿಲ್ಲ ಅನ್ನಬೇಡಿ. ಕೂಸಿನ ಕಟವಾಯಿಂದ ಹಾಲು ಇಳಿದರೆ ಯಾವ ಅಜ್ಜಿಯೂ ‘ವಾಂತಿ’ ಅನ್ನುವುದಿಲ್ಲ, ‘ಹಾಲು ಕಕ್ಕಿತು’ ಅನ್ನುತ್ತಾಳೆ.

ವಾಂತಿ ಸಂಸ್ಕೃತದ ‘ವಮ್’ ಧಾತುವಿನದು. ಪಂಚಕರ್ಮದ ವಮನ, ಲ್ಯಾಟಿನ್ ಮೂಲದ ವಾಮಿಟ್, ಗ್ರೀಕ್ ಮೂಲದ ಎಮೆಸಿಸ್ ಎಲ್ಲ ಒಂದೇ ಬೇರಿನ ಚಿಗುರು. ರಿಗರ್ಜಿಟೇಶನ್ ಒಳಗಿರುವುದು ‘ಗುರ್ಗೆಸ್’, ಅಂದರೆ ನೀರಿನ ಸುಳಿ, ಮಡು. ತುಂಬಿದ್ದು ಹಿಮ್ಮುಖವಾಗಿ ಹರಿಯಿತು ಎಂಬುದಷ್ಟೇ ಅರ್ಥ. ಹೃದಯದ ಕವಾಟ ಸೋರಿ ರಕ್ತ ಹಿಂದಕ್ಕೆ ಹರಿದರೂ ಅದೇ ಪದ. ರಿಪೋರ್ಟಿನಲ್ಲಿ ‘ಮೈಟ್ರಲ್ ರಿಗರ್ಜಿಟೇಶನ್’ ನೋಡಿ ಹೊಟ್ಟೆಗೆ ಮದ್ದು ಕೇಳುವವರೂ ಇದ್ದಾರೆ! ಹಸು ಮೆಲುಕಿಗಾಗಿ ಮೇವನ್ನು ಬಾಯಿಗೆ ತಂದುಕೊಳ್ಳುವುದೂ ಇದೇ, ರೋಗವಲ್ಲ.

ಜೊಲ್ಲು, ತುಟಿ ನೆಕ್ಕುವುದು, ಓಕರಿಕೆ, ಹೊಟ್ಟೆ ಹಿಂಡಿಕೊಳ್ಳುವುದು: ಇವು ವಾಂತಿಯ ಪೂರ್ವರಂಗ. ಹಳದಿ ಪಿತ್ತ ಬಂದರೆ ವಾಂತಿಯೇ. ‘ಅನ್ನ ಜೀರ್ಣವಾಗಿರಲಿಲ್ಲ’ ಎಂಬುದು ಸಾಕ್ಷಿಯಲ್ಲ, ತಿಂದ ಕೂಡಲೇ ವಾಂತಿಯಾದರೂ ಅನ್ನ ಹಾಗೇ ಇರುತ್ತದೆ. ತಿಂದು ಎಷ್ಟು ಹೊತ್ತಾಯಿತು ಎಂಬುದೂ ಸಾಕ್ಷಿಯಲ್ಲ, ಹಿಗ್ಗಿದ ಅನ್ನನಾಳದಲ್ಲಿ ಊಟ ಗಂಟೆಗಟ್ಟಲೆ ಕೂತಿರಬಲ್ಲದು.

ಪದ ತಪ್ಪಿದರೆ ಮದ್ದೂ ತಪ್ಪುತ್ತದೆ. ವಾಂತಿಯ ಮದ್ದು ಮಾರೋಪಿಟಾಂಟ್ ತಡೆಯುವುದು ಮಿದುಳಿನಿಂದ ಹೊರಡುವ ವಾಂತಿಯ ಅಪ್ಪಣೆಯನ್ನು, ಕಕ್ಕುವುದಕ್ಕೆ ಅಂಥ ಅಪ್ಪಣೆಯೇ ಬೇಕಿಲ್ಲ. ವಾಂತಿಗೇ ಕೊಡುವ ಇನ್ನೊಂದು ಮದ್ದು ಮೆಟೊಕ್ಲೊಪ್ರಮೈಡ್ ನಾಳವನ್ನು ಚಲಿಸುವುದು ಕರುಳಿನಲ್ಲಿರುವಂಥ ನಯಸ್ನಾಯುವಿನ ಮೂಲಕ. ನಾಯಿಯ ಅನ್ನನಾಳದಲ್ಲಿ ಮೇಲಿಂದ ಕೆಳಗಿನವರೆಗೂ ಇರುವುದು ಕೈಕಾಲಿನಲ್ಲಿರುವಂಥ ಪಟ್ಟೆಸ್ನಾಯು. ಮೇಲಾಗಿ ಆ ಮದ್ದು ಜಠರದ ಬಾಗಿಲನ್ನು ಬಿಗಿಗೊಳಿಸಿ, ಇಳಿಯಬೇಕಾದ ಊಟಕ್ಕೂ ಅಡ್ಡ ನಿಲ್ಲಬಹುದು.

ಹಾಲು ಬಿಟ್ಟು ಗಟ್ಟಿ ಆಹಾರ ಶುರುವಾದಾಗ ಮರಿ ಕಕ್ಕತೊಡಗಿದರೆ, ಅನ್ನನಾಳವನ್ನು ರಕ್ತನಾಳದ ಉಂಗುರ ಬಿಗಿದಿದೆಯೇ ನೋಡಬೇಕು, ಅದಕ್ಕೆ ಶಸ್ತ್ರಚಿಕಿತ್ಸೆಯಿದೆ. ಬೆಳೆದ ನಾಯಿಯಲ್ಲಾದರೆ ಸ್ನಾಯು ಸೋಲುವ ಮಯಾಸ್ಥೇನಿಯಾ ಗ್ರಾವಿಸ್ ರೋಗಕ್ಕೆ ರಕ್ತಪರೀಕ್ಷೆ. ಬೆಕ್ಕಿಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಒಣಗಂಟಲಲ್ಲಿ ನುಂಗಿಸಿದರೆ ಅದು ಅನ್ನನಾಳಕ್ಕೆ ಅಂಟಿ ಸುಡಬಹುದು, ಗಾಯ ಮಾಯುವಾಗ ನಾಳ ಕಿರಿದಾಗಿ ಬೆಕ್ಕು ಕಕ್ಕತೊಡಗಬಹುದು. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ 5–6 ಮಿ.ಲೀ. ನೀರು ಕುಡಿಸಿದ್ದರೆ ಈ ಪಾಡು ತಪ್ಪುತ್ತಿತ್ತು.

ಎಕ್ಸ್‌ರೇ ಮೊದಲು ಎದೆಗೆ, ಆಮೇಲೆ ಹೊಟ್ಟೆಗೆ. ಕಕ್ಕಿದ್ದು ಶ್ವಾಸಕೋಶಕ್ಕೆ ಇಳಿದು ಆಗುವ ನ್ಯುಮೋನಿಯಾವೇ ಇಂಥ ನಾಯಿಗಳನ್ನು ಹೆಚ್ಚಾಗಿ ಕೊಲ್ಲುವುದು. ಕೆಮ್ಮು, ಜ್ವರ, ಏದುಸಿರು ಕಂಡರೆ ಅಂದೇ ತೋರಿಸಿ. ಅನ್ನನಾಳ ಹಿಗ್ಗಿದ ನಾಯಿಗೆ ಊಟದ ತಟ್ಟೆಯನ್ನಷ್ಟೇ ಸ್ಟೂಲಿನ ಮೇಲಿಟ್ಟರೆ ಸಾಲದು. ಮುಂಗಾಲೆತ್ತಿ ಕೂರಿಸಿ, ಇಲ್ಲವೇ ನಾಯಿಯನ್ನು ನೆಟ್ಟಗೆ ಕೂರಿಸಲೆಂದೇ ಇರುವ ‘ಬೈಲಿ ಚೇರ್’ ಕುರ್ಚಿಯಲ್ಲಿ ಕೂರಿಸಿ ಉಣಿಸಬೇಕು, ಉಂಡ ಮೇಲೂ 15–20 ನಿಮಿಷ ಹಾಗೇ ಹಿಡಿದಿರಬೇಕು. ನೆಟ್ಟಗಿರಬೇಕಾದದ್ದು ಕತ್ತಲ್ಲ, ಎದೆಯೊಳಗಿನ ಅನ್ನನಾಳ.