ಬಸ್ ನಿಲ್ದಾಣದಲ್ಲಿ ಮಲಗುವವರಿಗೆ ತಂಗುದಾಣ: ನಗರಸಭೆಯನ್ನು ಕೇಳುವುದು ಹೇಗೆ?

ಪ್ರಶ್ನೆ: ನಮ್ಮದು ಸುಮಾರು 1.2 ಲಕ್ಷ ಜನಸಂಖ್ಯೆಯ ನಗರಸಭೆ. ರಾತ್ರಿಯಾದರೆ ಬಸ್ ನಿಲ್ದಾಣದಲ್ಲಿ, ಮಾರುಕಟ್ಟೆಯ ಅಂಗಡಿ ಜಗಲಿಗಳ ಮೇಲೆ ಜನ ಮಲಗಿರುತ್ತಾರೆ. ಅವರಿಗೊಂದು ತಂಗುದಾಣ ಮಾಡಿಕೊಡಿ ಎಂದು ಅರ್ಜಿ ಕೊಟ್ಟರೆ ‘ಪರಿಶೀಲಿಸುತ್ತೇವೆ’ ಎನ್ನುತ್ತಾರೆ. ನಗರಸಭೆ ಇದನ್ನು ಮಾಡಲೇಬೇಕೆ? ಕೌನ್ಸಿಲ್‌ನಲ್ಲಿ ತೀರ್ಮಾನ ಆಗುವ ಹಾಗೆ ಕೇಳುವುದು ಹೇಗೆ?

ಉತ್ತರ: ಮಾಡಬೇಕು. ಆದರೆ ‘ತಂಗುದಾಣ ಕಟ್ಟಿಸಿಕೊಡಿ’ ಎಂಬ ಒಂದು ಸಾಲಿನ ಅರ್ಜಿಗೆ ‘ಪರಿಶೀಲಿಸುತ್ತೇವೆ’ ಎನ್ನುವುದು ಕಚೇರಿಗೆ ಬಲು ಸುಲಭ. ಎಷ್ಟು ಜನ, ಯಾವ ಜಾಗ, ಯಾವ ದುಡ್ಡು ಎಂಬ ಮೂರೂ ಅದರಲ್ಲಿ ಇರುವುದಿಲ್ಲ. ಅವನ್ನು ನೀವೇ ತುಂಬಿ ಕೊಟ್ಟರೆ ಕಡತಕ್ಕೆ ಕಾಲು ಬರುತ್ತದೆ.

ಮೊದಲು ನಿಯಮದ ವಿಷಯ, ಏಕೆಂದರೆ ಇಲ್ಲಿ ತಪ್ಪು ಆದೇಶ ಉಲ್ಲೇಖಿಸಿ ಸಿಕ್ಕಿಬೀಳುವವರು ಬಹಳ. 2010ರ ಆರಂಭದಲ್ಲಿ ದೆಹಲಿಯ ಚಳಿಗೆ ಬೀದಿಯಲ್ಲಿದ್ದವರ ಪಾಡು ಸುಪ್ರೀಂ ಕೋರ್ಟಿನ ಮುಂದೆ ಬಂತು. ಆಹಾರದ ಹಕ್ಕಿನ ಪ್ರಕರಣದಲ್ಲಿ (ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ್ದು, 2001ರ ರಿಟ್ ಅರ್ಜಿ ಸಂಖ್ಯೆ 196) ಕೋರ್ಟು ಹೊರಡಿಸಿದ ಆದೇಶಗಳಿಂದ, ಲಕ್ಷ ಜನಸಂಖ್ಯೆಗೆ ಒಂದರಂತೆ 24 ಗಂಟೆಯೂ ತೆರೆದಿರುವ ಆಶ್ರಯ ಕೇಂದ್ರ ಎಂಬ ಅಳತೆ ರೂಢಿಗೆ ಬಂತು. ಆದರೆ ಅದು ಐದು ಲಕ್ಷ ಮೀರಿದ ನಗರಗಳನ್ನು ಕುರಿತದ್ದು. ನಿಮ್ಮ ಅರ್ಜಿಯಲ್ಲಿ ಅದೊಂದನ್ನೇ ಬರೆದರೆ ‘ನಮಗೆ ಅನ್ವಯಿಸದು’ ಎಂಬ ಷರಾ ಬೀಳುತ್ತದೆ. ನೀವು ಹಿಡಿಯಬೇಕಾದದ್ದು 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ (ಮುಂದೆ ಬಂದ ಹೆಸರು ದೀನದಯಾಳ್ ಅಂತ್ಯೋದಯ ಯೋಜನೆ, ಚಿಕ್ಕದಾಗಿ ಡೇ-ನಲ್ಮ್; ಅದರ ಅವಧಿ 2024ರಲ್ಲಿ ಮುಗಿಯಿತು) ಅಡಿಯ ‘ನಗರ ವಸತಿರಹಿತರ ಆಶ್ರಯ’ ಮಾರ್ಗಸೂಚಿ. ಅದರ ಪ್ರಕಾರ ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಶಾಶ್ವತ ಆಶ್ರಯ ಇರಬೇಕು. ಒಂದೊಂದು ಕೇಂದ್ರ 50ರಿಂದ 100 ಜನರದ್ದು. ತಲೆಗೆ ಕನಿಷ್ಠ 50 ಚದರ ಅಡಿ. ನಿಮ್ಮ ಊರಿನ ಲೆಕ್ಕಕ್ಕೆ 120 ಜನರ ಜಾಗ. 50 ಜನರ ಒಂದು ಕೇಂದ್ರಕ್ಕೆ 2,500 ಚದರ ಅಡಿ. ಈ ಯೋಜನೆಯ ದುಡ್ಡು ಸರಿಯಾಗಿ ಬಳಕೆಯಾಗುತ್ತಿಲ್ಲ ಎಂಬ ಇ.ಆರ್. ಕುಮಾರ್ ಪ್ರಕರಣದಲ್ಲಿ 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಕೈಲಾಶ್ ಗಂಭೀರ್ ನೇತೃತ್ವದ ಸಮಿತಿಯನ್ನೇ ನೇಮಿಸಿತ್ತು. ಮಾರ್ಗಸೂಚಿಯ ಜೊತೆಗೆ ಈ ಪ್ರಕರಣವನ್ನೂ ಒಂದು ಸಾಲಿನಲ್ಲಿ ನಮೂದಿಸಿ, ಸಾಕು. ಅರ್ಜಿಯಲ್ಲಿ ತೀರ್ಪುಗಳ ಪಟ್ಟಿ ಉದ್ದವಾದಷ್ಟೂ ಕೇಸ್ ವರ್ಕರ್ ಅದನ್ನು ‘ಕಾನೂನು ಅಭಿಪ್ರಾಯಕ್ಕೆ’ ಕಳಿಸುತ್ತಾರೆ, ಅಲ್ಲಿಗೆ ಆರು ತಿಂಗಳು ಹೋಯಿತು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ‘ಆಸ್ತಿ ತೆರಿಗೆ ಜೊತೆ ಭಿಕ್ಷುಕರ ಸೆಸ್ ಕಟ್ಟುತ್ತೇವಲ್ಲ, ಅದರಲ್ಲಿ ಮಾಡಲಿ’ ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟಿರುವ ಆ ಕರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರದ್ದು. ನಗರಸಭೆ ಅದನ್ನು ವಸೂಲು ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು, ಅದು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗುತ್ತದೆ. ಆ ಕೇಂದ್ರಗಳಿಗೆ ಭಿಕ್ಷೆ ಬೇಡುವವರನ್ನು ಹಿಡಿದು ತರುತ್ತಾರೆ. ತಂಗುದಾಣಕ್ಕೆ ಜನ ತಾವಾಗಿ ಬಂದು ತಾವಾಗಿ ಹೋಗುತ್ತಾರೆ. ನಿಮ್ಮ ಬಸ್ ನಿಲ್ದಾಣದಲ್ಲಿ ಮಲಗುವವರಲ್ಲಿ ಹಮಾಲರು, ಹೋಟೆಲ್ ಕೆಲಸದವರು, ಮದುವೆ ಅಡುಗೆಗೆ ಹೋಗುವವರು, ಚಿಂದಿ ಆಯುವವರು ಇರುತ್ತಾರೆ. ಇವರನ್ನು ‘ಭಿಕ್ಷುಕರು’ ಎಂದು ಅರ್ಜಿಯಲ್ಲಿ ಬರೆದಿರೋ, ಕಡತ ಸಮಾಜ ಕಲ್ಯಾಣ ಇಲಾಖೆಗೆ ಹೊರಟಿತು. ‘ನಗರ ವಸತಿರಹಿತರು’ ಎಂದೇ ಬರೆಯಿರಿ.

ಈಗ ಎಣಿಕೆ. ಮಾರ್ಗಸೂಚಿಯ ಪ್ರಕಾರ ಸಮೀಕ್ಷೆ ಮಾಡಿಸಬೇಕಾದದ್ದು ಸ್ಥಳೀಯ ಸಂಸ್ಥೆ. ಹಾಗಿದ್ದರೂ ನಿಮ್ಮದೊಂದು ಅಂದಾಜು ಕೈಯಲ್ಲಿರಲಿ, ಇಲ್ಲವಾದರೆ ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂಬ ಒಂದೇ ಮಾತಿಗೆ ವಿಷಯ ಮುಗಿಯುತ್ತದೆ. 2011ರ ಜನಗಣತಿಯಲ್ಲೂ ಮನೆ ಇಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ, ದೇಶದಲ್ಲಿ 17.7 ಲಕ್ಷ ಜನ ಎಂದು ಲೆಕ್ಕ ಸಿಕ್ಕಿತು. ಹಗಲಲ್ಲಿ ಇವರನ್ನು ಎಣಿಸಲಾಗದು. ಕೊನೆಯ ಬಸ್ ಹೋದ ಮೇಲೆ, ಅಂದರೆ 11 ಗಂಟೆಯ ನಂತರ ಹೊರಡಿ, ಬೆಳಗಿನ 4ರೊಳಗೆ ಮುಗಿಸಿ. ಬಸ್ಸಿಗೆ ಕಾಯುವವರಿಗೂ ಅಲ್ಲೇ ಬದುಕುವವರಿಗೂ ಗುರುತು ಹಾಸಿಗೆ: ಕೆಳಗೆ ರಟ್ಟು ಅಥವಾ ಫ್ಲೆಕ್ಸ್ ಹಾಸಿ, ಮುಸುಕೆಳೆದು, ಚಪ್ಪಲಿಯನ್ನು ತಲೆದಿಂಬಿನ ಚೀಲದ ಅಡಿಗೆ ಇಟ್ಟುಕೊಂಡವರು ಪ್ರಯಾಣಿಕರಲ್ಲ. ಜಾತ್ರೆ, ಸಂತೆಯ ಹಿಂದಿನ ದಿನ, ಜೋರು ಮಳೆಯ ರಾತ್ರಿ ಬೇಡ. ಕನಿಷ್ಠ ಎರಡು ರಾತ್ರಿ ಎಣಿಸಿ, ಕಡಿಮೆ ಬಂದ ಸಂಖ್ಯೆಯನ್ನೇ ಕೊಡಿ. ಅಧಿಕಾರಿಗಳು ಬಂದು ನೋಡಿದಾಗ ಅಷ್ಟಾದರೂ ಇರಲೇಬೇಕು. ಒಂಟಿ ಗಂಡಸರು, ಹೆಂಗಸರು, ಮಕ್ಕಳಿರುವ ಕುಟುಂಬ, ಕೈಲಾಗದ ಮುದುಕರು ಎಂದು ಬೇರೆ ಬೇರೆ ಬರೆದುಕೊಳ್ಳಿ. ಫೋಟೊ ತೆಗೆಯಬೇಡಿ. ಮಲಗಿದವರ ಮುಖದ ಮೇಲೆ ಫ್ಲಾಶ್ ಬಿದ್ದರೆ ಪೊಲೀಸರೆಂದು ಎದ್ದು ಓಡುತ್ತಾರೆ, ಮರುದಿನ ಅಲ್ಲಿ ಯಾರೂ ಇರುವುದಿಲ್ಲ.

ಜಾಗದ ಆಯ್ಕೆಯಲ್ಲೇ ಹೆಚ್ಚಿನ ತಂಗುದಾಣಗಳು ಸೋಲುವುದು. ಊರಾಚೆ ಖಾಲಿ ಬಿದ್ದಿರುವ ಕಟ್ಟಡ ಇದೆ, ಅದನ್ನೇ ಕೊಡೋಣ ಎಂಬ ಮಾತು ಸಭೆಯಲ್ಲಿ ಬಂದರೆ ಒಪ್ಪಬೇಡಿ. ಎಪಿಎಂಸಿಯಲ್ಲಿ ಲಾರಿ ಇಳಿಸುವುದು ಬೆಳಗಿನ ಜಾವ, ಕೂಲಿಕಾರರು ಕಟ್ಟೆಗೆ ಬಂದು ನಿಲ್ಲುವುದು ಬೆಳಿಗ್ಗೆ ಆರೂವರೆ ಏಳಕ್ಕೆ. ನಾಲ್ಕು ಕಿಲೋಮೀಟರ್ ದೂರದ ಹಾಸಿಗೆಗಿಂತ ಕೆಲಸದ ಪಕ್ಕದ ಜಗಲಿಯೇ ಅವರಿಗೆ ವಾಸಿ. ಕೆಲಸದ ಜಾಗಕ್ಕೆ ನಡೆದು ಹೋಗುವ ದೂರದಲ್ಲಿ, ಬಸ್ ಅಥವಾ ರೈಲು ನಿಲ್ದಾಣ, ಮಾರುಕಟ್ಟೆಯ ಹತ್ತಿರವೇ ಇರಬೇಕು ಎಂದು ಮಾರ್ಗಸೂಚಿಯೂ ಹೇಳುತ್ತದೆ. ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ ಇನ್ನೂ ಒಳ್ಳೆಯದು, ₹5ಕ್ಕೆ ತಿಂಡಿ, ₹10ಕ್ಕೆ ಊಟ ಅಲ್ಲೇ ಆಗುತ್ತದೆ. ಹಳೆಯ ನಗರಸಭೆ ಕಚೇರಿ, ಮುಚ್ಚಿಹೋದ ಶಾಲೆ, ಬಾಡಿಗೆಗೆ ಹೋಗದ ವಾಣಿಜ್ಯ ಮಳಿಗೆಯ ಮಹಡಿ: ಇಂಥ ಎರಡು ಮೂರು ಕಟ್ಟಡಗಳನ್ನು ನೀವೇ ಗುರುತಿಸಿ, ಅವು ಯಾರ ಹೆಸರಿನಲ್ಲಿವೆ ಎಂದು ಕಂದಾಯ ಶಾಖೆಯಲ್ಲಿ ತಿಳಿದುಕೊಂಡು ಬರೆಯಿರಿ. ಹೊಸದಾಗಿ ಕಟ್ಟುವುದಕ್ಕಿಂತ ಇರುವುದನ್ನು ದುರಸ್ತಿ ಮಾಡುವ ಪ್ರಸ್ತಾವಕ್ಕೆ ಸದಸ್ಯರು ಬೇಗ ಒಪ್ಪುತ್ತಾರೆ. ಮಹಡಿಯಾದರೆ ಮುದುಕರಿಗೂ ಅಂಗವಿಕಲರಿಗೂ ನೆಲಮಟ್ಟದಲ್ಲಿ ಒಂದು ಕೋಣೆ ಕೇಳಿ.

ದುಡ್ಡಿನ ವಿಷಯಕ್ಕೆ ಬಂದರೆ, ಕಟ್ಟಡಕ್ಕಿಂತ ನಡೆಸುವ ಖರ್ಚೇ ಕಷ್ಟ. 50 ಜನರ ಕೇಂದ್ರದ ನಿರ್ವಹಣೆಗೆ ಮಿಷನ್ ಮಾರ್ಗಸೂಚಿ ಇಟ್ಟಿದ್ದು ವರ್ಷಕ್ಕೆ ₹6 ಲಕ್ಷ, ಅದೂ ಐದು ವರ್ಷಕ್ಕೆ. ತಿಂಗಳಿಗೆ ₹50,000 ಆಯಿತು. ಒಬ್ಬ ವ್ಯವಸ್ಥಾಪಕ, ಎಂಟೆಂಟು ಗಂಟೆಯ ಪಾಳಿಗೆ ಮೂವರು ಮೇಲ್ವಿಚಾರಕರು ಬೇಕು. ತಲೆಗೆ ₹12,500 ಕೊಟ್ಟರೂ ದುಡ್ಡು ಅಲ್ಲಿಗೇ ಮುಗಿಯಿತು. ಕರೆಂಟು, ನೀರು, ಹೊದಿಕೆ ಒಗೆಸುವುದು, ಶೌಚಾಲಯ ಸ್ವಚ್ಛತೆಗೆ ಒಂದು ರೂಪಾಯಿಯೂ ಉಳಿಯದು. ಆಗ ಏನಾಗುತ್ತದೆಂದರೆ, ಟೆಂಡರ್ ಹಿಡಿದ ಸಂಸ್ಥೆ ಮೂರು ಪಾಳಿಯ ಕೆಲಸವನ್ನು ಒಬ್ಬನ ಮೇಲೆ ಹಾಕುತ್ತದೆ, ಅವನು ರಾತ್ರಿ ಒಂಬತ್ತೂವರೆಗೆ ಬೀಗ ಜಡಿದು ಮಲಗುತ್ತಾನೆ. ಮದುವೆ ಅಡುಗೆ ಮುಗಿಸಿ ಒಂದು ಗಂಟೆಗೆ ಬರುವವನು ಮತ್ತೆ ಬಸ್ ನಿಲ್ದಾಣಕ್ಕೇ. ಹೀಗಾಗಿ ಕಟ್ಟಡದ ವಿದ್ಯುತ್, ನೀರು, ಒಗೆತ ಮತ್ತು ಸ್ವಚ್ಛತೆಯನ್ನು ನಗರಸಭೆಯೇ ತನ್ನ ಸ್ವಂತ ನಿಧಿಯಿಂದ ಭರಿಸುವಂತೆ ನಿರ್ಣಯದಲ್ಲಿ ಬರೆಸಬೇಕು. ಮಿಷನ್ ಅನುದಾನ ಈ ಸಾಲಿಗೆ ಇದೆಯೇ ಎಂಬುದನ್ನು ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಇಲ್ಲವೆಂದರೆ ನಿಮ್ಮ ಒತ್ತಾಯವೆಲ್ಲ ನಗರಸಭೆ ಬಜೆಟ್ಟಿನ ಮೇಲೇ ಇರಲಿ. ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರಲ್ಲ, ಚರಂಡಿ, ಬೀದಿದೀಪದ ನಡುವೆ ಈ ಮಾತನ್ನು ಆಡಿ, ನಡಾವಳಿಯಲ್ಲಿ ದಾಖಲಾಗುವಂತೆ ಲಿಖಿತವಾಗಿಯೂ ಕೊಡಿ.

ಬಂದವರಿಂದ ಶುಲ್ಕ ತೆಗೆದುಕೊಳ್ಳಲು ಮಾರ್ಗಸೂಚಿ ಅವಕಾಶ ಕೊಡುತ್ತದೆ, ಆದರೆ ಅದು ಅವರ ಆದಾಯದ ಹತ್ತನೇ ಒಂದು ಭಾಗವನ್ನು ಮೀರುವಂತಿಲ್ಲ.

ಕೌನ್ಸಿಲ್‌ಗೆ ತರುವ ದಾರಿ ಹೀಗಿದೆ. ಅರ್ಜಿಯನ್ನು ಪೌರಾಯುಕ್ತರ ಹೆಸರಿಗೆ ಬರೆದು, ಅಧ್ಯಕ್ಷರಿಗೂ ನಿಮ್ಮ ವಾರ್ಡಿನ ಸದಸ್ಯರಿಗೂ ಪ್ರತಿ ಕೊಟ್ಟು, ಟಪಾಲು ಶಾಖೆಯಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಯಾರದೋ ಮೇಜಿನ ಮೇಲೆ ಇಟ್ಟು ಬಂದ ಅರ್ಜಿಗೆ ಲೆಕ್ಕವಿಲ್ಲ. ನಂತರ ಸಮುದಾಯ ಸಂಘಟಕರನ್ನು ಕಾಣಿ. ಈ ಯೋಜನೆಯ ಕಡತ ನಡೆಸುವವರು ಅವರೇ, ಕಾರ್ಯಸೂಚಿಗೆ ಟಿಪ್ಪಣಿ ಬರೆಯುವವರೂ ಅವರೇ. ಒಬ್ಬ ಸದಸ್ಯರಾದರೂ ಸಭೆಯ ನೋಟಿಸ್ ಹೊರಡುವ ಮುಂಚೆಯೇ ವಿಷಯವನ್ನು ಲಿಖಿತವಾಗಿ ಅಧ್ಯಕ್ಷರಿಗೆ ಕೊಡಬೇಕು, ಆಗ ಅದಕ್ಕೊಂದು ವಿಷಯ ಸಂಖ್ಯೆ ಸಿಗುತ್ತದೆ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’ ಎಂಬುದರಡಿ ಹಾಕಿದರೆ ಅದು ಬರುವುದು ಕಟ್ಟಕಡೆಗೆ, ಅರ್ಧ ಸಭೆ ಊಟಕ್ಕೆದ್ದ ಮೇಲೆ. ಚುನಾಯಿತ ಕೌನ್ಸಿಲ್ ಇಲ್ಲದ ಅವಧಿಯಾದರೆ ಅರ್ಜಿ ಆಡಳಿತಾಧಿಕಾರಿಯ ಹೆಸರಿಗೆ ಹೋಗಲಿ.

ನಿರ್ಣಯದ ಕರಡನ್ನೂ ನೀವೇ ಲಗತ್ತಿಸಿ. ಇಷ್ಟು ಸಾಕು: ‘ನಗರಸಭೆ ವ್ಯಾಪ್ತಿಯ ವಸತಿರಹಿತರ ರಾತ್ರಿ ಸಮೀಕ್ಷೆಯನ್ನು 30 ದಿನಗಳೊಳಗೆ ಮುಗಿಸಲು, ಬಸ್ ನಿಲ್ದಾಣದಿಂದ ಒಂದು ಕಿಲೋಮೀಟರ್ ಒಳಗಿನ ನಗರಸಭೆ ಕಟ್ಟಡವೊಂದನ್ನು 50 ಜನರ ಆಶ್ರಯ ಕೇಂದ್ರಕ್ಕೆ ಕಾಯ್ದಿರಿಸಲು, ದುರಸ್ತಿಗೆ ಅಂದಾಜುಪಟ್ಟಿ ತಯಾರಿಸಿ ಮುಂದಿನ ಸಭೆಗೆ ಮಂಡಿಸಲು ಹಾಗೂ ವಾರ್ಷಿಕ ನಿರ್ವಹಣಾ ವೆಚ್ಚಕ್ಕೆ ಆಯವ್ಯಯದಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಲು ತೀರ್ಮಾನಿಸಲಾಯಿತು.’ ‘ಚರ್ಚಿಸಿ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂದಷ್ಟೇ ಬರೆದರೆ ಅದು ನಿರ್ಣಯವೇ ಅಲ್ಲ, ಅದರಲ್ಲಿ ಯಾರು, ಎಂದು ಎಂಬುದೇ ಇಲ್ಲ.

ಅಕ್ಕಪಕ್ಕದ ನಿವಾಸಿಗಳು ವಿರೋಧಿಸುತ್ತಾರೆ. ಅವರಿಗೆ ಮುಂಚಿತವಾಗಿ ಹೇಳಿ. ನೈತಿಕ ಪಾಠದಿಂದ ಉಪಯೋಗವಿಲ್ಲ. ರಾತ್ರಿ ಪಾಳಿಯ ಮೇಲ್ವಿಚಾರಕ ಯಾರು, ಬಾಗಿಲು ಯಾವ ರಸ್ತೆಗೆ, ಗಲಾಟೆಯಾದರೆ ಯಾವ ನಂಬರಿಗೆ ಫೋನು ಎಂಬುದನ್ನು ತಿಳಿಸಿದರೆ ಅರ್ಧ ತಕರಾರು ಇಳಿಯುತ್ತದೆ.

ಬಾಗಿಲು ತೆರೆದ ಮೇಲೂ ಜನ ಬರದಿದ್ದರೆ ಕಾರಣಗಳು ಹೆಚ್ಚೂ ಕಡಿಮೆ ಇವೇ. ಆಧಾರ್ ಕೇಳುತ್ತಾರೆ: ಕೇಳಬಾರದು, ಹೆಸರು, ವಯಸ್ಸು, ಊರು ರಿಜಿಸ್ಟರ್‌ನಲ್ಲಿ ಬರೆದರೆ ಸಾಕು. ಸಾಮಾನಿಗೆ ಜಾಗವಿಲ್ಲ: ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ ತಲೆಗೊಂದು ಬೇಕು, ಬೀಗ ಅವರದ್ದೇ ಇರಲಿ, ಕೇಂದ್ರದ ಬೀಗವನ್ನು ಯಾರೂ ನಂಬುವುದಿಲ್ಲ. ತಿಗಣೆ: ಮರದ ಮಂಚ ತರಿಸಬೇಡಿ, ಕಬ್ಬಿಣದ್ದೇ ಇರಲಿ, ಹೊದಿಕೆ ವಾರಕ್ಕೊಮ್ಮೆ ಒಗೆಯಲು ತಲೆಗೆ ಎರಡು ಜೊತೆ. ಕುಡಿದು ಬಂದವರನ್ನು ಹೊರದಬ್ಬಿದರೆ ಅರ್ಧ ಜನ ಬರುವುದೇ ಇಲ್ಲ. ಒಳಗೆ ಕುಡಿಯುವಂತಿಲ್ಲ, ಕುಡಿದು ಬಂದವರಿಗೆ ಬಾಗಿಲ ಬಳಿಯ ಬೇರೆ ಕೋಣೆ ಎಂಬ ನಿಯಮ ನಡೆಯುತ್ತದೆ. ಹೆಂಗಸರಿಗೆ ಒಂದೇ ಹಾಲ್‌ನಲ್ಲಿ ಪರದೆ ಕಟ್ಟಿ ಜಾಗ ಮಾಡುವುದು ಸರಿಯಲ್ಲ, ಬೇರೆ ಕಟ್ಟಡವೇ ಬೇಕು, ಕನಿಷ್ಠ ಬೇರೆ ಬಾಗಿಲು, ಬೇರೆ ಶೌಚಾಲಯ, ಮಹಿಳಾ ಮೇಲ್ವಿಚಾರಕಿ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಎಂದರೆ ಕುಟುಂಬಗಳು ಬರುವುದಿಲ್ಲ.

ಎಲ್ಲರೂ ತಂಗುದಾಣಕ್ಕೆ ಸೇರುವವರಲ್ಲ ಎಂಬುದೂ ತಿಳಿದಿರಲಿ. ಒಂಟಿ ಮಗು ಕಂಡರೆ ಸಹಾಯವಾಣಿ 1098, ದಿಕ್ಕಿಲ್ಲದ ವೃದ್ಧರಿಗೆ 14567. ಮಾನಸಿಕ ಅಸ್ವಸ್ಥರಾಗಿ ಅಲೆಯುವವರ ಹೊಣೆ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ ಸೆಕ್ಷನ್ 100ರಂತೆ ಪೊಲೀಸ್ ಠಾಣೆಯದು: ಲಾಕಪ್ಪಿನಲ್ಲಿ ಇಡದೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. ಇವರನ್ನು ರಾತ್ರೋರಾತ್ರಿ ತಂಗುದಾಣದ ಬಾಗಿಲಲ್ಲಿ ಇಳಿಸಿ ಹೋಗುವ ಚಾಳಿಗೆ ಆರಂಭದಲ್ಲೇ ತಡೆ ಹಾಕಬೇಕು.

ವಿಳಾಸವಿಲ್ಲ ಎಂಬ ಕಾರಣಕ್ಕೆ ಮತದಾರರ ಪಟ್ಟಿಯಿಂದಲೂ ಹೊರಗುಳಿಯಬೇಕಿಲ್ಲ. ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನೇ ವಿಳಾಸವೆಂದು ಬರೆಯಬಹುದು. ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಬಂದು ನೋಡಿ ಖಚಿತಪಡಿಸಿಕೊಂಡರೆ ವಾಸದ ದಾಖಲೆ ಬೇಡ. ಇದನ್ನು ಸದಸ್ಯರ ಕಿವಿಗೂ ಹಾಕಿ. ವಾರ್ಡಿನಲ್ಲಿ ಅರವತ್ತು ಹೊಸ ಮತದಾರರು ಎಂದರೆ ವಿಷಯ ಸಂಖ್ಯೆ ಬೇಗ ಸಿಗುತ್ತದೆ.

ನಿರ್ಣಯವಾಗಿ ಮೂರು ತಿಂಗಳಾದರೂ ಏನೂ ಕದಲದಿದ್ದರೆ ಮಾಹಿತಿ ಹಕ್ಕಿನಡಿ ₹10 ಶುಲ್ಕದೊಂದಿಗೆ ನಡಾವಳಿಯ ಪ್ರತಿ, ಸಮೀಕ್ಷಾ ವರದಿ ಮತ್ತು ಆ ಲೆಕ್ಕಶೀರ್ಷಿಕೆಯ ಖರ್ಚಿನ ವಿವರ ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ಮೂರಕ್ಕೂ ಬೇರೆ ಬೇರೆ ಅರ್ಜಿ ಹಾಕುವುದೇ ಕ್ಷೇಮ.