ನಡು ವಯಸ್ಸಿನ ಗಂಡಸು ಮತ್ತು ಅವನ ಮನೆ: ಓದುವವರಿಗೆ ಒಂದು ಟಿಪ್ಪಣಿ

ಮನಃಶಾಸ್ತ್ರ, ಸಮಾಜಕಾರ್ಯ ಓದುವವರಿಗೆ 'ಮಿಡ್‌ಲೈಫ್ ಕ್ರೈಸಿಸ್', ಅಂದರೆ ನಡು ವಯಸ್ಸಿನ ಬಿಕ್ಕಟ್ಟಿನ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಉತ್ತರವೂ ಸುಲಭ ಅನ್ನಿಸುತ್ತದೆ. ನಲವತ್ತು ದಾಟಿದ ಗಂಡಸು, ಕೂದಲಿಗೆ ಬಣ್ಣ, ಹೊಸ ಬುಲೆಟ್ ಗಾಡಿ, ಮನೆಯಲ್ಲಿ ಜಗಳ. ಸಿನಿಮಾದಲ್ಲಿ ಇದು ಚೆನ್ನಾಗಿರುತ್ತದೆ. ಇದೇ ಚಿತ್ರ ತಲೆಯಲ್ಲಿಟ್ಟುಕೊಂಡು ಕಲಬುರಗಿಯ ಒಂದು ಮನೆಗೆ ಫೀಲ್ಡ್‌ವರ್ಕ್‌ಗೆ ಹೋದರೆ ಮಾತ್ರ ಮುಖ್ಯವಾದದ್ದೇ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಪರೀಕ್ಷೆಗೆ ಬೇಕಾದದ್ದು

'ಮಿಡ್‌ಲೈಫ್ ಕ್ರೈಸಿಸ್' ಎಂಬ ಮಾತನ್ನು ಚಲಾವಣೆಗೆ ತಂದವರು ಮನೋವಿಶ್ಲೇಷಕ ಎಲಿಯಟ್ ಜಾಕ್ಸ್, 1965ರ ಒಂದು ಲೇಖನದಲ್ಲಿ. ಅವರು ನೋಡಿದ್ದು ದೊಡ್ಡ ದೊಡ್ಡ ಕಲಾವಿದರ ಬದುಕನ್ನು. ಮೂವತ್ತೈದರ ಆಸುಪಾಸಿನಲ್ಲಿ 'ನಾನೂ ಒಂದು ದಿನ ಸಾಯ್ತೀನಿ' ಅನ್ನೋದು ಮನಸ್ಸಿಗೆ ನಾಟುತ್ತದೆ, ಅಲ್ಲಿಂದ ತಳಮಳ ಶುರು ಅಂದರು. ಮನಃಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳಿದ, ಮನುಷ್ಯನ ಬೆಳವಣಿಗೆಯ ಎಂಟು ಹಂತಗಳಲ್ಲಿ ಏಳನೆಯದು ಈ ವಯಸ್ಸಿನದು. ಮುಂದಿನ ಪೀಳಿಗೆಗೆ ಏನಾದರೂ ಮಾಡುತ್ತಿದ್ದೇನೆ ಅನ್ನುವ ತೃಪ್ತಿ ಒಂದು ಕಡೆ, ಇದ್ದಲ್ಲೇ ನಿಂತುಬಿಟ್ಟೆ ಅನ್ನುವ ಕೊರಗು ಇನ್ನೊಂದು ಕಡೆ. 1978ರಲ್ಲಿ ಮನಃಶಾಸ್ತ್ರಜ್ಞ ಡೇನಿಯಲ್ ಲೆವಿನ್ಸನ್ 40 ಜನ ಅಮೆರಿಕನ್ ಗಂಡಸರ ಸಂದರ್ಶನ ಆಧರಿಸಿ, ಹೆಚ್ಚಿನವರು ಈ ಬಿರುಗಾಳಿ ದಾಟಲೇಬೇಕು ಎಂದರು. ಬರೀ 40 ಜನ, ಎಲ್ಲರೂ ಗಂಡಸರು, ಎಲ್ಲರೂ ಅಮೆರಿಕದವರು! ಈ ಟೀಕೆಯನ್ನು ಬರೆಯದೆ ಬಿಡಬೇಡಿ.

ಆಮೇಲೆ ಅಮೆರಿಕದಲ್ಲೇ ಇನ್ನೂ ಜಾಸ್ತಿ ಜನರನ್ನು ಕೇಳಿದ ಅಧ್ಯಯನದಲ್ಲಿ, ತಮಗೆ ಇಂಥ ಬಿಕ್ಕಟ್ಟು ಬಂದಿತ್ತು ಎಂದವರು ಸುಮಾರು ಕಾಲು ಭಾಗ. ಅವರಲ್ಲೂ ಹಲವರು ಹೇಳಿದ್ದು ಕೆಲಸ ಹೋದದ್ದು, ಮದುವೆ ಮುರಿದದ್ದು, ಹತ್ತಿರದವರು ತೀರಿಕೊಂಡದ್ದು. ಅಂದರೆ ಎಲ್ಲ ತಪ್ಪನ್ನೂ ವಯಸ್ಸಿನ ತಲೆಗೆ ಕಟ್ಟುವ ಹಾಗಿಲ್ಲ. ಇದು ವೈದ್ಯಕೀಯ ರೋಗಪಟ್ಟಿಯಲ್ಲಿ ಇರುವ ಕಾಯಿಲೆಯೂ ಅಲ್ಲ. ಹಾರ್ಮೋನ್ ಬಗ್ಗೆ ಒಂದೇ ಮಾತು: ಗಂಡಸರಲ್ಲಿ ಟೆಸ್ಟೋಸ್ಟೆರಾನ್ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ನಿಧಾನಕ್ಕೆ ಇಳಿಯುತ್ತದೆ, ಹೆಂಗಸರ ಮುಟ್ಟು ನಿಂತ ಹಾಗೆ ಪೂರ್ತಿ ನಿಲ್ಲುವುದಿಲ್ಲ.

ಇನ್ನು ನಮ್ಮ ಊರಿಗೆ ಬನ್ನಿ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಗಂಜ್‌ನ ದಾಲ್‌ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು, ವಯಸ್ಸು 46. ಅಪ್ಪ ಜೇವರ್ಗಿ ಕಡೆ ಹಳ್ಳಿಯಲ್ಲಿ, ಮಂಡಿ ನೋವು. ಹೊಲದಲ್ಲಿ ತೊಗರಿಗೆ ನೆಟೆ ರೋಗ ಬಿದ್ದಿದೆ. ಮಗಳು ನೀಟ್ ಕೋಚಿಂಗ್‌ನಲ್ಲಿದ್ದಾಳೆ. ಮಿಲ್ಲಿನಲ್ಲಿ ಲೆಕ್ಕವೆಲ್ಲ ಕಂಪ್ಯೂಟರ್‌ಗೆ ಹೋಗಿ, ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗ ಬಂದು ಕೂತಿದ್ದಾನೆ. ಸಾಹುಕಾರರು ಈಗ ಏನಿದ್ದರೂ ಆ ಹುಡುಗನನ್ನೇ ಕೇಳುತ್ತಾರೆ. ಜೊತೆಗೆ ಕೈಗಡ ಬೇರೆ.

ರಾತ್ರಿ ಮನೆಗೆ ಬರುತ್ತಾನೆ. ರೊಟ್ಟಿ ತಟ್ಟೆ ಮುಂದಿದೆ, ಕಣ್ಣು ಮೊಬೈಲಲ್ಲಿದೆ.

"ಯಪ್ಪಾ, ನಾಳೆ ಎರಡನೇ ಕಂತು ಕಟ್ಟಬೇಕು."

"ನಿಮ್ಮವ್ವನ್ನ ಕೇಳು."

"ಏನಾಗ್ಯಾದ್ರಿ ನಿಮಗ?" ಎಂದು ಹೆಂಡತಿ ಕೇಳಿದರೆ, "ಏನಿಲ್ಲ, ಸುಮ್ಕಿರು."

ಬುಲೆಟ್ಟೂ ಇಲ್ಲ, ಕೂದಲ ಬಣ್ಣವೂ ಇಲ್ಲ. ಇಲ್ಲಿರುವುದು 'ಏನಿಲ್ಲ' ಒಂದೇ. ನನ್ನ ಪ್ರಕಾರ ನಮ್ಮ ಕಡೆ ಈ ವಿಷಯ ಓದುವವರು ಹಿಡಿಯಬೇಕಾದ ಎಳೆ ಇದೇ. ಗಂಡಸರಲ್ಲಿ ಖಿನ್ನತೆ ಬಹಳ ಸಲ ಅಳುವಾಗಿ ಬರುವುದಿಲ್ಲ. ಸಿಟ್ಟಾಗಿ ಬರುತ್ತದೆ, ಕುಡಿತವಾಗಿ ಬರುತ್ತದೆ, ನಿದ್ದೆಗೇಡಾಗಿ, ತಲೆನೋವಾಗಿ, 'ಎದೆ ಹಿಡದಂಗ ಆಗ್ತದ' ಎನ್ನುವ ಮಾತಾಗಿ ಬರುತ್ತದೆ. ಅದನ್ನು 'ವಯಸ್ಸಿನ ಹುಚ್ಚು' ಎಂದು ನಕ್ಕು ಬಿಟ್ಟರೆ ಚಿಕಿತ್ಸೆ ಸಿಗಬೇಕಾದವನಿಗೆ ಸಿಗುವುದಿಲ್ಲ.

ಗುಳೆ ಹೋಗುವವರದು ಇನ್ನೊಂದು ಬಗೆ. ಯಾದಗಿರಿ, ಕಲಬುರಗಿ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋದವರಿಗೆ ನಲವತ್ತೈದಕ್ಕೆ ಸೊಂಟ ಕೈಕೊಡುತ್ತದೆ. ಬದುಕಿಗೆ ಅರ್ಥವೇನು ಎಂಬ ಪ್ರಶ್ನೆಗಿಂತ, ಮುಂದಿನ ಸಲ ಮೇಸ್ತ್ರಿ ಕರೀತಾನಾ ಎಂಬ ಪ್ರಶ್ನೆ ಅವರಿಗೆ ದೊಡ್ಡದು. ಊರಿಗೆ ವಾಪಸ್ ಬಂದರೆ ಮನೆ ಇವನಿಲ್ಲದೆಯೇ ನಡೆಯುವುದನ್ನು ಕಲಿತಿರುತ್ತದೆ. ರೇಷನ್, ಬ್ಯಾಂಕು, ಸಂಘದ ಸಾಲ ಎಲ್ಲ ಹೆಂಡತಿ ನೋಡಿಕೊಳ್ಳುತ್ತಾಳೆ. ಮಗ ಯಾವುದಕ್ಕೂ ಇವನನ್ನು ಕೇಳುವುದಿಲ್ಲ. ಯಜಮಾನ ಅಂತ ಹೆಸರು ಮಾತ್ರ ಉಳಿದಿದೆ. ಆಗ ಅವನು ಗದರುವುದು ಹೆಚ್ಚಾಗುತ್ತದೆ.

ಮನೆಯವರ ಮೇಲೆ

ಪುಸ್ತಕಗಳು ಇದನ್ನು ಗಂಡಸೊಬ್ಬನ ಕಥೆಯಾಗಿ ಬರೆಯುತ್ತವೆ. ಆದರೆ ಅದೇ ಸೂರಿನಡಿ ಹೆಂಡತಿಗೂ ಮುಟ್ಟು ನಿಲ್ಲುವ ಕಾಲ. ನಮ್ಮ ದೇಶದಲ್ಲಿ ಇದು ಸರಾಸರಿ 46–47ಕ್ಕೆ. ಮಕ್ಕಳಿಗೆ ಹರೆಯ. ಅತ್ತೆ ಮಾವನಿಗೆ ಮುಪ್ಪು. ಎಲ್ಲರೂ ಒಟ್ಟಿಗೆ ಬದಲಾಗುತ್ತಿರುವಾಗ ಒಬ್ಬನ ಕಷ್ಟಕ್ಕೆ ಮಾತ್ರ ಹೆಸರಿದೆ! ಹೆಂಡತಿ ಮಧ್ಯಸ್ಥಗಾರ್ತಿ ಆಗುತ್ತಾಳೆ: ಅಪ್ಪನ ಮಾತು ಮಕ್ಕಳಿಗೆ, ಮಕ್ಕಳ ಮಾತು ಅಪ್ಪನಿಗೆ. ಅವಳ ನಿದ್ದೆ, ಮುಟ್ಟು ನಿಲ್ಲುವಾಗ ಅವಳಿಗೆ ಆಗುವ ಮೈ ಬಿಸಿ ಯಾರೂ ಕೇಳುವುದಿಲ್ಲ. ಮಗಳು ಗೇಟಿನ ಸದ್ದಿನಲ್ಲೇ ಅಪ್ಪನ ಮೂಡ್ ಗುರುತಿಸುತ್ತಾಳೆ, ಎರಡನೇ ಸಲ ದುಡ್ಡು ಕೇಳುವುದಿಲ್ಲ. ಸಾಲದ ಮೊತ್ತ ಮನೆಯವರಿಗೆ ಗೊತ್ತಾಗುವುದು ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ.

ಕುಡಿತ, ಹೊಡೆತ ಇದ್ದರೆ 'ವಯಸ್ಸು' ಎಂಬ ನೆಪ ಒಪ್ಪಬೇಡಿ. ಅಲ್ಲಿ ಮೊದಲು ನೋಡಬೇಕಾದ್ದು ಹೆಂಡತಿ ಮಕ್ಕಳ ಸುರಕ್ಷತೆ.

ಏನು ಮಾಡಬಹುದು

ಮೊದಲು ಶುಗರ್, ಬಿಪಿ, ಥೈರಾಯ್ಡ್ ಪರೀಕ್ಷೆ. ಸುಸ್ತು, ಸಿಟ್ಟು ಅಲ್ಲಿಂದಲೂ ಬರಬಹುದು. ಈ ನೆಪದಲ್ಲಿ ಗಂಡಸರು ಡಾಕ್ಟರ ಹತ್ತಿರ ಹೋಗುತ್ತಾರೆ ಕೂಡ. 'ಮನಸ್ಸಿನ ಡಾಕ್ಟರು' ಅಂದರೆ ಕಾಲು ಹಿಂದೆ ಹೋಗುತ್ತದೆ. ಕೌನ್ಸೆಲಿಂಗ್‌ನಲ್ಲಿ ಎದುರು ಕೂರಿಸಿ 'ನಿಮ್ಮ ಭಾವನೆ ಹೇಳಿ' ಅಂದರೆ ಬಾಯಿ ಬಿಡುವುದಿಲ್ಲ. ಹೊಲದ ಬದುವಿನ ಮೇಲೆ ನಡೆಯುತ್ತಾ, ಚಹಾ ಅಂಗಡಿಯಲ್ಲಿ ಪಕ್ಕಪಕ್ಕ ನಿಂತು ಕೇಳಿದರೆ ಎರಡು ಮಾತು ಬರುತ್ತದೆ. ಕೇಳುವ ಪ್ರಶ್ನೆಯೂ ಸಾದಾ ಇರಲಿ: ನಿದ್ದೆ ಹ್ಯಾಂಗದ? ಹೋದ ವರ್ಷಕ್ಕೂ ಈ ವರ್ಷಕ್ಕೂ ಏನ್ ಬದಲಾಗ್ಯಾದ? ಸಾಲದ ಲೆಕ್ಕ ಮನೆಯವರಿಗೆ ಗೊತ್ತದೇನ್ರಿ?

'ಬದುಕಿ ಏನ್ ಮಾಡೋದದ' ಎಂಬಂಥ ಮಾತು ಬಂದರೆ ಸುತ್ತಿ ಬಳಸಿ ಹೋಗಬೇಡಿ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಸುಮಾರು ಶೇಕಡಾ 72ರಷ್ಟು ಗಂಡಸರು. ಅಂಥವರನ್ನು ಒಂಟಿಯಾಗಿ ಬಿಡಬೇಡಿ, ಕೀಟನಾಶಕದ ಡಬ್ಬಿ ಮನೆಯಿಂದ ಹೊರಗೆ ಹೋಗಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೆಂಡತಿಯೂ ಮಾಡಬಹುದು, ತನ್ನ ಸಲುವಾಗಿಯೇ.